ಪ್ರಾರ್ಥನೆಗೆ ಕೂತರೆ ನಿದ್ದೆ ಬರುತ್ತದೆ, ನಾನು ದೇವರನ್ನು ಬಿಡುತ್ತಿದ್ದೇನಾ?

ಪ್ರಶ್ನೆ: ನಾನು ಹುಬ್ಬಳ್ಳಿಯ ಕೇಶ್ವಾಪುರದಲ್ಲಿರುತ್ತೇನೆ. ವಯಸ್ಸು 38. ತವರು ಬೆಟಗೇರಿ, ಅಜ್ಜನ ಕಾಲದಿಂದಲೂ ಮಿಷನ್ ಸಭೆಯವರು, ಅಂದರೆ ಮಿಷನ್ ಚರ್ಚಿನವರು. ಖಾಸಗಿ ದವಾಖಾನೆಯೊಂದರ ಬಿಲ್ಲಿಂಗ್ ಕೌಂಟರ್‌ನಲ್ಲಿ ಶಿಫ್ಟ್ ಡ್ಯೂಟಿ. ತಿಂಗಳಿಗೆ ಎರಡು ರವಿವಾರವಾದರೂ ಆರಾಧನೆ ತಪ್ಪುತ್ತದೆ. ಎರಡು ವರ್ಷದಿಂದ ಪ್ರಾರ್ಥನೆಯಲ್ಲಿ ಏನೂ ಅನ್ನಿಸುತ್ತಿಲ್ಲ. ಬೈಬಲ್ ತೆಗೆದರೆ ನಿದ್ದೆ. ಮೊದಲೆಲ್ಲ ಹಾಡುವಾಗ ಕಣ್ಣಲ್ಲಿ ನೀರು ಬರುತ್ತಿತ್ತು, ಈಗ ಬರೀ ಬಾಯಿ ಆಡುತ್ತದೆ. ನಮ್ಮ ಓಣಿಯಲ್ಲಿ ಪ್ರಾರ್ಥನಾ ಕೂಟ ನಡೆಸುವವರು, "ನಿಮ್ಮ ನಂಬಿಕೆ ತಣ್ಣಗಾಗೇತಿ, ಅದಕ್ಕ ಮಗನ ದಮ್ಮು ವಾಸಿ ಆಗವಲ್ದು" ಎಂದರು. 21 ದಿನ ಉಪವಾಸ ಮಾಡಿ, ಪಫ್ (ಇನ್ಹೇಲರ್) ಬಿಟ್ಟು ನಂಬಿ ನೋಡಿ ಎನ್ನುತ್ತಾರೆ. ಅತ್ತೆಯವರು "ನಮ್ಮ ಹಿರ್‍ಯಾರ ನಂಬಿಕೆ ಹಿಂಗ ಇರ್ಲಿಲ್ಲ" ಅಂತಾರೆ. ಡ್ಯೂಟಿಯಲ್ಲಿ ಗಣಪತಿ ಪಟ್ಟಿ (ಚಂದಾ), ಆಯುಧ ಪೂಜೆ, ದಸರೆಯ ಬನ್ನಿ ಎಲೆ ಕೊಡುವುದು ಎಲ್ಲ ಬರುತ್ತವೆ. ಯಾವುದಕ್ಕೆ ಕೈ ಚಾಚಬೇಕು, ಯಾವುದಕ್ಕೆ ಬೇಡ ತಿಳಿಯುವುದಿಲ್ಲ. 15 ವರ್ಷದ ಮಗಳು ಕನ್ಫರ್ಮೇಶನ್ (ಸಭೆಯ ಮುಂದೆ ತನ್ನ ನಂಬಿಕೆ ಒಪ್ಪಿಕೊಳ್ಳುವ ಕಾರ್ಯ) ಕ್ಲಾಸಿಗೆ ಹೋಗಲ್ಲ ಅಂತ ಹಟ ಹಿಡಿದಿದ್ದಾಳೆ. ನಾನು ದೇವರನ್ನು ಬಿಡುತ್ತಿದ್ದೇನಾ? ಸಭೆ ಬದಲಿಸಲಾ?

ಉತ್ತರ: ತಂಗೀ, ಮೊದಲು ಪಫ್ ವಿಷಯ ಮುಗಿಸಿಬಿಡೋಣ. ಅದನ್ನು ಬಿಡಿಸಬೇಡಿ. ಇವತ್ತು ರಾತ್ರಿಯದ್ದೂ ತಪ್ಪಿಸಬೇಡಿ.

ದಮ್ಮು ಇರುವ ಮಗುವಿಗೆ ಉಬ್ಬಸ ಕಾಣದ ದಿನಗಳಲ್ಲೂ ಶ್ವಾಸನಾಳದ ಒಳಗೆ ಊತ ಇರಬಹುದು. ಡಾಕ್ಟರು ದಿನಾ ತಗೊಳ್ಳಲು ಬರೆದುಕೊಟ್ಟ ಪಫ್ ಆ ಊತವನ್ನು ಹತೋಟಿಯಲ್ಲಿಡುತ್ತದೆ. ಬಿಟ್ಟ ಮೊದಲ ಕೆಲವು ದಿನ ಏನೂ ಆಗದೇ ಇರಬಹುದು. ಮೋಸ ಹೋಗುವುದು ಅಲ್ಲೇ. "ನೋಡ್ರಿ, ನಂಬಿದ್ದಕ್ಕ ವಾಸಿ ಆತು" ಅಂತ ಕೂಟದಲ್ಲಿ ಸಾಕ್ಷಿ ಹೇಳಿಸುತ್ತಾರೆ. ಆಮೇಲೆ ಒಂದು ರಾತ್ರಿ ಥಂಡಿ, ಧೂಳು ಎರಡೂ ಸೇರಿ ಜೋರಾಗಿ ಹಿಡಿದುಕೊಂಡರೆ ಮಗುವನ್ನು ಎತ್ತಿಕೊಂಡು ಓಡುವವರು ನೀವು, ಕೂಟದವರಲ್ಲ. ಹುಬ್ಬಳ್ಳಿ ಧೂಳಿನ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ, ಅಲ್ವಾ? ಪಫ್ ಕಡಿಮೆ ಮಾಡುವುದಿದ್ದರೆ ಅದನ್ನು ಮಕ್ಕಳ ಡಾಕ್ಟರೇ ಹೇಳಬೇಕು.

ಔಷಧ ತಗೊಂಡರೆ ನಂಬಿಕೆ ಕಡಿಮೆ ಎನ್ನುವ ಮಾತು ಬೈಬಲಿನಲ್ಲಿ ಎಲ್ಲೂ ಇಲ್ಲ. ಅಪೊಸ್ತಲ ಪೌಲನ ಜೊತೆಗಾರ ಲೂಕ ವೈದ್ಯ. ಪೌಲನ ಶಿಷ್ಯ ತಿಮೊಥೆಯನಿಗೆ ಪದೇ ಪದೇ ಆರೋಗ್ಯ ಕೆಡುತ್ತಿತ್ತು. ಬರೀ ನೀರು ಕುಡೀಬೇಡ, ಹೊಟ್ಟೆಯ ಸಲುವಾಗಿ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಪೌಲ ಬರೆದ. ಇನ್ನೊಬ್ಬ ಜೊತೆಗಾರ ತ್ರೊಫಿಮನನ್ನು ಮಿಲೇತ ಊರಿನಲ್ಲಿ ಕಾಯಿಲೆ ಇದ್ದ ಹಾಗೇ ಬಿಟ್ಟು ಬಂದೆ ಅಂತಲೂ ಅವನೇ ಬರೆದಿದ್ದಾನೆ. ಪೌಲ ಅವನಿಗಾಗಿ ಪ್ರಾರ್ಥನೆ ಮಾಡದೇ ಇರುತ್ತಾನೆಯೇ? ಆದರೂ ಅವನ ನಂಬಿಕೆಯ ಮೇಲೆ ಒಂದು ಮಾತೂ ಆಡಲಿಲ್ಲ. ಹುಟ್ಟು ಕುರುಡನನ್ನು ಕಂಡಾಗ ಶಿಷ್ಯರು ನಿಮ್ಮ ಕೂಟದವರ ಹಾಗೇ ಕೇಳಿದರು: ಯಾರ ಪಾಪ, ಇವನದ್ದೋ, ತಂದೆ ತಾಯಿಯದ್ದೋ? ಯೇಸು ಇಬ್ಬರದ್ದೂ ಅಲ್ಲ ಎಂದ. ಯೋಹಾನನ ಸುವಾರ್ತೆ 9ನೇ ಅಧ್ಯಾಯ. ಅತ್ತೆಯವರ ಜೊತೆ ಕೂತು ಓದಿ.

ಇನ್ನು ನಿಮ್ಮ ಮಾತು. ಪತ್ರದಲ್ಲಿ ನಾಲ್ಕಾರು ವಿಷಯ ತೊಡಕು ಹಾಕಿಕೊಂಡಿವೆ, ಆದರೆ ಬುಡದಲ್ಲಿರುವ ಅಂಜಿಕೆ ಒಂದೇ. ಭಾವನೆ ಹೋಯಿತು, ಹಾಗಾದರೆ ನಂಬಿಕೆಯೂ ಹೋಗಿರಬೇಕು. ಸಭಾಪಾಲಕನಾಗಿ ಧಾರವಾಡ, ಗದಗ, ಹಾವೇರಿ ಕಡೆ ಕೆಲಸ ಮಾಡಿದವನು ನಾನು. ಈ ಅಂಜಿಕೆ ಹೊತ್ತು ಬಂದವರನ್ನು ಬಹಳ ನೋಡಿದ್ದೇನೆ, ಅದರಲ್ಲೂ ಹೆಣ್ಣುಮಕ್ಕಳು ಜಾಸ್ತಿ. ನಿಜವಾಗಿ ಬಿಟ್ಟು ಹೋಗುವವರು ಬೇರೆ ಥರ ಇರುತ್ತಾರೆ. ಅವರಿಗೆ ಈ ಪ್ರಶ್ನೆ ಕಾಡುವುದಿಲ್ಲ. ರವಿವಾರ ತಪ್ಪಿದ್ದು ನೆನಪೂ ಇರುವುದಿಲ್ಲ. ಎದುರಿಗೆ ಸಿಕ್ಕರೆ "ಬರ್ತೀವಿ ಪಾಸ್ಟರ್, ಬರ್ತೀವಿ" ಅಂತ ನಗುತ್ತಾ ದಾಟಿ ಹೋಗುತ್ತಾರೆ. ನೀವು ತಪ್ಪಿದ ರವಿವಾರಗಳನ್ನು ಎಣಿಸಿ ಬರೆದಿದ್ದೀರಿ.

ಹಾಗಾದರೆ ಈ ಒಣಗಿದ ಸ್ಥಿತಿ ಯಾಕೆ ಬಂತು? ನಾನು ಮೊದಲು ಮೈ ಕಡೆ ನೋಡುತ್ತೇನೆ. ನಿಮ್ಮದು ಶಿಫ್ಟ್ ಡ್ಯೂಟಿ. ರಾತ್ರಿ ಪಾಳಿ ಮುಗಿಸಿ ಬಂದು, ಮಕ್ಕಳ ಡಬ್ಬಿ ಕಟ್ಟಿ, ಹಗಲು ಎರಡು ಮೂರು ತಾಸು ಕಣ್ಣು ಮುಚ್ಚಿ, ಸಂಜೆ ಬೈಬಲ್ ತೆಗೆದರೆ ನಿದ್ದೆ ಬರದೆ ಏನಾದೀತು? ಪ್ರವಾದಿ ಎಲೀಯನ ಕಥೆ ನಿಮಗೆ ಸಂಡೇ ಸ್ಕೂಲಿನಿಂದ ಗೊತ್ತಿರುತ್ತದೆ. ರಾಣಿ ಈಜೆಬೆಲಳಿಗೆ ಹೆದರಿ ಅಡವಿಗೆ ಓಡಿದ, ಒಂದು ಗಿಡದ ಕೆಳಗೆ ಕೂತು ಸಾಕಪ್ಪಾ ಸಾಕು, ನನ್ನ ಪ್ರಾಣ ತೆಗೆದುಬಿಡು ಎಂದ. ಆಗ ದೂತ ಬಂದು ಉಪದೇಶ ಮಾಡಲಿಲ್ಲ, ಉಪವಾಸ ಮಾಡು ಅನ್ನಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದ, ಮತ್ತೆ ಮಲಗಿದ. ದೂತ ಮತ್ತೆ ಎಬ್ಬಿಸಿ ಉಣ್ಣಿಸಿದ. ದೇವರ ಮಾತುಕತೆ ಶುರುವಾದದ್ದು ಇದೆಲ್ಲ ಆದಮೇಲೆ, ಹೋರೇಬ್ ಬೆಟ್ಟ ಮುಟ್ಟಿದ ಮೇಲೆ.

ಹಾಗಾಗಿ ಈ ವಾರದಲ್ಲೇ ಒಂದು ಕೆಲಸ ಮಾಡಿ. ದವಾಖಾನೆಯಲ್ಲೇ ಇದ್ದೀರಲ್ಲ, ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ. ನಿಮ್ಮ ವಯಸ್ಸಿನ ಹೆಂಗಸರಲ್ಲಿ ರಕ್ತ ಕಡಿಮೆ ಇರುವುದು, ಥೈರಾಯ್ಡ್ ಏರುಪೇರಾಗುವುದು ಸಾಮಾನ್ಯ. ಎರಡಕ್ಕೂ ಸುಸ್ತು ಬರುತ್ತದೆ. ಥೈರಾಯ್ಡ್ ಕಡಿಮೆಯಾದರೆ ನಿದ್ದೆ ಜಾಸ್ತಿಯಾಗಿ ಮನಸ್ಸೂ ಮಂಕಾಗಬಹುದು. ಅದಕ್ಕೆ ಮಾತ್ರೆ ಇದೆ. ಪಶ್ಚಾತ್ತಾಪದಿಂದ ಅದು ಸರಿಹೋಗುವುದಿಲ್ಲ.

ಇನ್ನೊಂದನ್ನು ನೀವೇ ಗಮನಿಸಿ ನೋಡಬೇಕು. ರುಚಿ ಹೋಗಿರುವುದು ಪ್ರಾರ್ಥನೆಯಲ್ಲಿ ಮಾತ್ರವಾ, ಎಲ್ಲದರಲ್ಲೂನಾ? ಊಟ, ತವರಿಗೆ ಹೋಗುವುದು, ಮಕ್ಕಳ ಜೊತೆ ನಗುವುದು, ಹೊಸ ಸೀರೆ, ಯಾವುದೂ ಬೇಡ ಅನ್ನಿಸುತ್ತಿದೆಯಾ? ಹಾಗಿದ್ದರೆ ಅದು ಖಿನ್ನತೆ ಇರಬಹುದು, ಚಿಕಿತ್ಸೆ ಇರುವ ಕಾಯಿಲೆ. ಧಾರವಾಡದಲ್ಲಿ ಡಿಮ್ಹಾನ್ಸ್ ಎನ್ನುವ ಸರ್ಕಾರಿ ಮಾನಸಿಕ ಆರೋಗ್ಯ ದವಾಖಾನೆ ಇದೆ, ಅಲ್ಲಿ ತೋರಿಸಬಹುದು. ಹೊರಗೆ ಹೋಗಲು ಸಂಕೋಚವಾದರೆ ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಫೋನ್ ಸೇವೆ ಟೆಲಿ ಮಾನಸ್ ಇದೆ, ನಂಬರ್ 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು. "ಹುಚ್ಚರ ದವಾಖಾನೆಗೆ ಹೋದ್ರ ಸಭೆಯೊಳಗ ಏನಂದಾರು" ಎಂದು ತಡ ಮಾಡಿ ತಡ ಮಾಡಿ ಕಾಯಿಲೆ ಹೆಚ್ಚಿಸಿಕೊಂಡವರನ್ನು ಕಂಡಿದ್ದೇನೆ. ಸತ್ತುಹೋಗೋಣ ಎನ್ನುವ ಯೋಚನೆ ಒಂದು ಸಲ ಬಂದಿದ್ದರೂ ಕಾಯಬೇಡಿ, ಇವತ್ತೇ ಮನೆಯವರಿಗೆ ಹೇಳಿ, ಆ ನಂಬರಿಗೆ ಫೋನ್ ಮಾಡಿ.

ಉಳಿದದ್ದೆಲ್ಲ ಚೆನ್ನಾಗಿದ್ದು ಪ್ರಾರ್ಥನೆ ಮಾತ್ರ ಒಣಗಿದ್ದರೆ ಅದರ ದಾರಿ ಬೇರೆ. ಇದು ನಿಮಗೊಬ್ಬರಿಗೇ ಬಂದದ್ದಲ್ಲ. ಮದರ್ ತೆರೇಸಾ ತೀರಿಕೊಂಡದ್ದು 1997ರಲ್ಲಿ. ಅವರ ಖಾಸಗಿ ಪತ್ರಗಳು 2007ರಲ್ಲಿ ಅಚ್ಚಾದಾಗ ಜನ ಬೆರಗಾದರು. ಹತ್ತಿರ ಹತ್ತಿರ 50 ವರ್ಷ, ನಡುವೆ ಸ್ವಲ್ಪ ಕಾಲ ಬಿಟ್ಟರೆ, ದೇವರು ಹತ್ತಿರ ಇದ್ದಾನೆ ಅನ್ನಿಸದೇ ಆ ಹೆಣ್ಣುಮಗಳು ಕೆಲಸ ಮಾಡಿದ್ದರು. ಬೆಳಿಗ್ಗೆ ಎದ್ದರು, ಪ್ರಾರ್ಥನೆಗೆ ಮಂಡಿಯೂರಿದರು, ಬೀದಿಗೆ ಹೋದರು. ಅವರ ನಂಬಿಕೆ ಸತ್ತಿತ್ತು ಅಂತ ಯಾರಾದರೂ ಅನ್ನುತ್ತಾರಾ?

ನನ್ನ ಅನುಭವದಲ್ಲಿ ಈ ಒಣಗುವಿಕೆಯ ಹಿಂದೆ ಆಗಾಗ ಕಾಣುವುದು ಸಿಟ್ಟು. ದೇವರ ಮೇಲಿನ ಸಿಟ್ಟು. ನಿಮ್ಮ ಪತ್ರದಲ್ಲಿ ಅದು ಎಲ್ಲೂ ಇಲ್ಲ. ಆದರೆ ಮಗ ರಾತ್ರಿ ಎದ್ದು ಕೂತು ಉಸಿರಿಗೆ ಒದ್ದಾಡುವುದನ್ನು ನೋಡಿದ ತಾಯಿಗೆ ಸಿಟ್ಟು ಬಂದಿರಲಿಕ್ಕಿಲ್ಲ ಅಂತ ನಾನು ನಂಬುವುದಿಲ್ಲ. ನಮ್ಮ ಮಿಷನ್ ಮನೆಗಳಲ್ಲಿ ಸ್ತೋತ್ರ ಹೇಳುವುದನ್ನು ಕಲಿಸಿದರು, ದೂರು ಹೇಳುವುದನ್ನು ಯಾರೂ ಕಲಿಸಲಿಲ್ಲ. ಸಿಟ್ಟನ್ನು ನುಂಗಿಕೊಂಡು ಅದರ ಮೇಲೆ ಸ್ತೋತ್ರ ಹೇಳುತ್ತಾ ಹೋದರೆ ಒಂದಿನ ಸ್ತೋತ್ರವೂ ಬಾಯಿಗೆ ಬರುವುದಿಲ್ಲ. 88ನೇ ಕೀರ್ತನೆ ತೆಗೆದು ನೋಡಿ. ಮೊದಲಿನಿಂದ ಕೊನೆತನಕ ದೂರೇ. ಬೇರೆ ಎಷ್ಟೋ ಕೀರ್ತನೆಗಳು ಅಳುತ್ತಾ ಶುರುವಾಗಿ ಸ್ತೋತ್ರದಲ್ಲಿ ಮುಗಿಯುತ್ತವೆ, ಇದು ಕತ್ತಲಲ್ಲೇ ಮುಗಿಯುತ್ತದೆ. ಆದರೂ ಅದನ್ನು ಯಾರೂ ಪುಸ್ತಕದಿಂದ ತೆಗೆದು ಹಾಕಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಗಟ್ಟಿಯಾಗಿ ಓದಿ. ಅತ್ತರೆ ಅಳಿ.

ಹಿರಿಯರ ನಂಬಿಕೆ ಬಗ್ಗೆ ಅತ್ತೆಯವರ ಮಾತಿಗೂ ಸ್ವಲ್ಪ ಉತ್ತರ ಕೊಡಬೇಕು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ಧಾರವಾಡಕ್ಕೆ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ, ನಿಮ್ಮ ತವರು ಬೆಟಗೇರಿಗೆ 1841ರಲ್ಲಿ. ಬಂದ ಕೂಡಲೇ ಸಭೆ ತುಂಬಿ ತುಳುಕಲಿಲ್ಲ. ಗದಗ ಹತ್ತಿರದ ಮಲಸಮುದ್ರದಲ್ಲಿ ಹೊಸ ವಿಶ್ವಾಸಿಗಳಿಗಾಗಿ ಬೇಸಾಯದ ವಸಾಹತು ಮಾಡಿದರು, ಅದು ಬಹಳ ವರ್ಷ ನಿಲ್ಲಲಿಲ್ಲ. ಹಿರಿಯರಲ್ಲೂ ಬಂದವರಿದ್ದರು, ಬಿಟ್ಟು ಹೋದವರಿದ್ದರು, ನಡುವೆ ಕಾಲು ಜಾರಿ ಮತ್ತೆ ಬಂದವರೂ ಇದ್ದರು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರ್ಕಾರ ಈ ಮಿಷನ್‌ನಲ್ಲಿದ್ದ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟಿತು, ಆಮೇಲೆ ದೇಶದಿಂದ ಹೊರಗೆ ಕಳಿಸಿತು. ಆದರೂ ಸಭೆಗಳು ಉಳಿದವು. ಉಳಿಸಿದವರು ಇಲ್ಲಿನ ಪಾಸ್ಟರುಗಳು, ಮಾಸ್ತರುಗಳು, ನೇಕಾರರು, ಮನೆ ಹೆಂಗಸರು. ಅವರಿಗೆ ದಿನಾ ಕಣ್ಣೀರು ತುಂಬಿ ಬರುತ್ತಿತ್ತಾ ಯಾರಿಗೆ ಗೊತ್ತು. ಗಂಟೆ ಹೊಡೆದರೆ ಹೋಗಿ ಕೂತರು. ಅತ್ತೆಯವರ ಜೊತೆ ಇದನ್ನು ವಾದಿಸಲು ಹೋಗಬೇಡಿ. ಅವರ ಅಜ್ಜಿ ಕಷ್ಟದಲ್ಲಿ ಏನು ಮಾಡುತ್ತಿದ್ದರು ಅಂತ ಕೇಳಿ, ಅವರೇ ಹೇಳಲಿ.

ಈಗ ದಿನದ ಮಾತು. ಬೆಳಿಗ್ಗೆ ಒಂದು ತಾಸು, ದಿನಕ್ಕೆ ಮೂರು ಅಧ್ಯಾಯ ಎನ್ನುವ ಲೆಕ್ಕ ನಿಮಗೆ ಆಗುವಂಥದ್ದಲ್ಲ. ಬಿಟ್ಟುಬಿಡಿ. ತೀರಾ ಕೆಟ್ಟ ದಿನದಲ್ಲೂ ಆಗುವಷ್ಟು ಸಣ್ಣದನ್ನು ಹಿಡಿದುಕೊಳ್ಳಿ. ಬೇಕಿರುವುದು ಅದೇ ದಿನದ ಪ್ರಾರ್ಥನೆ, ಚೆನ್ನಾಗಿರುವ ದಿನದ್ದನ್ನು ಯಾರು ಬೇಕಾದರೂ ಮಾಡುತ್ತಾರೆ.

ಹಾವೇರಿ ಕಡೆಯ ಒಬ್ಬ ಅವ್ವ ರೊಟ್ಟಿ ಬಡಿಯುವಾಗ ಪ್ರಾರ್ಥನೆ ಮಾಡುತ್ತಿದ್ದರು. ಒಂದು ರೊಟ್ಟಿಗೆ ಒಂದು ಹೆಸರು. ಹಿಟ್ಟು ನಾದಿ ಉಂಡೆ ಮಾಡುವಾಗ ಹೆಸರು ಹಿಡಿಯುವುದು, ಬಡಿಯುವಾಗ ಆ ಮನುಷ್ಯನ ಬಗ್ಗೆ ದೇವರಿಗೆ ಹೇಳುವುದು, ಹಂಚಿನ ಮೇಲೆ ಹಾಕಿ ನೀರು ಹಚ್ಚುವಾಗ "ಆಮೆನ್". ಒಲೆಯ ಮುಂದೆ ಕೂತು ನೋಡಿದ್ದೇನೆ, ಕೈ ಒಂದು ಸಲವೂ ನಿಲ್ಲಲಿಲ್ಲ. ಜಗಳ ಆಡಿದ ವಾರಗಿತ್ತಿಯ ಹೆಸರಿಗೆ ಬಡಿತ ಸ್ವಲ್ಪ ಜೋರಾಗುತ್ತಿತ್ತು ಅಷ್ಟೇ! ಕೈಗೆ ಕೆಲಸ ಇದ್ದಾಗ ನಿದ್ದೆ ಬರುವುದಿಲ್ಲ. ನೀವೂ ಮಾಡಿ ನೋಡಿ. ಡ್ಯೂಟಿಗೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸಿನಲ್ಲಿ ಹೋಗುವುದಾದರೆ ಹತ್ತಿದ ಮೇಲೆ ಒಂದು ಸಲ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿ. ಮನಸ್ಸು ಎಲ್ಲೋ ಹೋಯಿತಾ, ಹೋಗಲಿ, ಮತ್ತೆ ಶುರು ಮಾಡಬೇಡಿ, ಮುಗಿಸಿಬಿಡಿ. ಬಾಯಿಪಾಠದ ಪ್ರಾರ್ಥನೆ ಕೀಳು ಎನ್ನುವುದೂ ಒಂದು ತಪ್ಪು ತಿಳಿವಳಿಕೆ. ನಮಗೆ ಮಾತು ಬರದಾಗ ಬೇಕಾಗಲಿ ಅಂತಲೇ ಅದು ಇರುವುದು.

ಓದುವುದಕ್ಕೆ ಗೋಡೆಯ ಮೇಲಿನ ವಚನದ ಕ್ಯಾಲೆಂಡರ್ ಸಾಕು. ಜರ್ಮನಿಯ ಹೆರ್ನ್‌ಹುಟ್ ಊರಿನ ಮೊರೇವಿಯನ್ ಸಭೆಯವರು ದಿನಕ್ಕೊಂದು ವಚನ ಆರಿಸಿ 1731ರಿಂದ ವರ್ಷವರ್ಷ ಅಚ್ಚು ಹಾಕುತ್ತಾ ಬಂದಿದ್ದಾರೆ. ಒಂದು ವಚನ ಓದಿ, ಕೌಂಟರ್‌ನಲ್ಲಿ ಚಹಾ ಕುಡಿಯುವಾಗ ನೆನಪಿಸಿಕೊಳ್ಳಿ. ರಜೆ ಸಿಕ್ಕ ದಿನ ಮಾರ್ಕನ ಸುವಾರ್ತೆಯ ಒಂದು ಅಧ್ಯಾಯ. ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಬರೀ 16 ಅಧ್ಯಾಯ.

ತಪ್ಪಿದ ರವಿವಾರಗಳಿಗೆ ಕಳ್ಳತನ ಮಾಡಿದವರ ಹಾಗೆ ತಲೆ ತಗ್ಗಿಸಬೇಕಿಲ್ಲ. ದವಾಖಾನೆ ರವಿವಾರ ಬಾಗಿಲು ಹಾಕಲು ಬರುವುದಿಲ್ಲ. ಆದರೆ ಹಾಗೇ ಬಿಟ್ಟುಬಿಡುವುದೂ ಬೇಡ, ಯಾಕಂದರೆ ಹೋಗದೇ ಇರುವುದು ಬೇಗ ರೂಢಿಯಾಗುತ್ತದೆ. ಡ್ಯೂಟಿ ಹಾಕುವವರ ಜೊತೆ ಒಂದು ಒಪ್ಪಂದ ಮಾಡಿಕೊಳ್ಳಿ. ದೀಪಾವಳಿ, ಗಣೇಶ ಚೌತಿ, ಯುಗಾದಿ ದಿನ ನಾನು ನಿಲ್ಲುತ್ತೇನೆ, ನನಗೆ ಪ್ರಭು ಭೋಜನ ಇರುವ ರವಿವಾರ, ಗುಡ್ ಫ್ರೈಡೇ, ಈಸ್ಟರ್ ಬಿಡಿ ಅಂತ. ಇದಕ್ಕೆ ಒಲ್ಲೆ ಅನ್ನುವ ಸಹೋದ್ಯೋಗಿಗಳು ಕಡಿಮೆ. ಮೊಬೈಲಿನಲ್ಲಿ ಆರಾಧನೆ ನೋಡುವುದು ತಪ್ಪಲ್ಲ, ಆದರೆ ಅಲ್ಲಿ ನಿಮ್ಮ ಮುಖ ನೋಡಿ "ಯಾಕವ್ವಾ ಸೊರಗಿ" ಅಂತ ಕೇಳುವವರು ಇರುವುದಿಲ್ಲ.

ಕೌಂಟರ್‌ನ ಹಬ್ಬಗಳಿಗೆ ಬರೋಣ. ಇದರಲ್ಲಿ ಪಾಸ್ಟರುಗಳೇ ಒಂದು ಮಾತಿಗೆ ಬರುವುದಿಲ್ಲ, ನಾನು ನನ್ನದನ್ನು ಹೇಳುತ್ತೇನೆ. ಕೊರಿಂಥದ ಸಭೆಯವರಿಗೂ ವಿಗ್ರಹಕ್ಕೆ ಅರ್ಪಿಸಿದ ಊಟದ ಬಗ್ಗೆ ಇದೇ ತಕರಾರು ಇತ್ತು, ಪೌಲ ಮೊದಲನೆಯ ಪತ್ರದ 8 ಮತ್ತು 10ನೇ ಅಧ್ಯಾಯದಲ್ಲಿ ಬರೆದಿದ್ದಾನೆ. ಊಟಕ್ಕೆ ಕರೆದರೆ ಹೋಗಿ, ಇಟ್ಟಿದ್ದನ್ನು ಉಣ್ಣಿ, ಕೆದಕಿ ಕೇಳಬೇಡಿ. ಪೂಜೆಯಲ್ಲಿ ಪಾಲುದಾರರಾಗಬೇಡಿ. ನೀವು ತಿಂದಿದ್ದರಿಂದ ಜೊತೆಯ ವಿಶ್ವಾಸಿಯ ಮನಸ್ಸಿಗೆ ಪೆಟ್ಟಾಗುವುದಿದ್ದರೆ ಬಿಡಿ.

ಬನ್ನಿ ಕೊಟ್ಟರೆ ತಗೊಳ್ಳಿ, ನನ್ನ ಪ್ರಕಾರ ಏನೂ ತೊಂದರೆಯಿಲ್ಲ. "ಬನ್ನಿ ತಗೊಂಡು ಬಂಗಾರದಂಗ ಇರೋಣ" ಎಂದು ಇಡೀ ವರ್ಷದ ಮುನಿಸು ಬಿಟ್ಟು ಕೈ ಮುಂದೆ ಮಾಡಿದವರಿಗೆ ಮುಖ ತಿರುಗಿಸುವುದು ನನಗಂತೂ ಕ್ರೈಸ್ತರ ನಡತೆ ಅನ್ನಿಸುವುದಿಲ್ಲ. ಆಯುಧ ಪೂಜೆಗೆ ಕಂಪ್ಯೂಟರ್ ಒರೆಸಿ, ಕಸ ಹೊಡೆಯಿರಿ, ಜೊತೆಗೆ ನಿಲ್ಲಿ. ಆರತಿ ಎತ್ತಲು ಕರೆದರೆ ಬೇಡ ಅನ್ನಿ. ಅದನ್ನು ಹಿಂದಿನ ದಿನವೇ ಹೇಳಿಡಿ, ಎಲ್ಲರ ಎದುರಿಗೆ ಅವತ್ತು ಹೇಳಿದರೆ ಅವಮಾನ ಮಾಡಿದ ಹಾಗೆ ಆಗುತ್ತದೆ. ಪಟ್ಟಿ ಕೇಳಿದರೆ "ಊಟದ ಖರ್ಚಿಗೆ ಬರಕೊಳ್ರಿ" ಅಂತ ಕೊಡಬಹುದು. ಅದೂ ಮನಸ್ಸಿಗೆ ಚುಚ್ಚಿದರೆ ಬೇಡ. ಮನಸ್ಸಾಕ್ಷಿ ಒಲ್ಲೆ ಅಂದದ್ದನ್ನು ನಾಚಿಕೆಗೆ ಮಾಡಬಾರದು. ಕ್ರಿಸ್ಮಸ್ ಬಂದಾಗ ಕರ್ಚಿಕಾಯಿ, ಚಕ್ಕುಲಿ ಡಬ್ಬಿ ತುಂಬಿಕೊಂಡು ಹೋಗುವುದನ್ನು ಮಾತ್ರ ಮರೆಯಬೇಡಿ.

ಸಭೆ ಬದಲಿಸಬೇಕಾ? ಈ ಸುಸ್ತಿನಲ್ಲಿ ಬೇಡ. ಕೂಟಗಳನ್ನು ನಾನು ಬೈಯುವವನಲ್ಲ. ದೊಡ್ಡ ಸಭೆಯಲ್ಲಿ ಎರಡು ತಿಂಗಳು ಕಾಣದಿದ್ದರೂ ಯಾರೂ ಕೇಳುವುದಿಲ್ಲ, ಕೂಟದವರು ಮರುದಿನವೇ ಫೋನ್ ಮಾಡುತ್ತಾರೆ. ಅವರ ಪ್ರಾರ್ಥನೆಯಿಂದ ಕುಡಿತ ಬಿಟ್ಟ ಗಂಡಸರು ನನಗೆ ಗೊತ್ತು. ನಮ್ಮ ಹಳೇ ಸಭೆಗಳಲ್ಲಿ ಕಮಿಟಿ ಜಗಳ, ಮನೆತನದ ಮುನಿಸು ಇವೆ, ಸುಳ್ಳು ಯಾಕೆ ಹೇಳಲಿ. ಆದರೆ ಕೂಟದವರಿಗೆ ಮೂರು ಪ್ರಶ್ನೆ ಕೇಳಿ ನೋಡಿ. ಮಗನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಅನ್ನುತ್ತಾರಾ? ಕಾಣಿಕೆಯ ಲೆಕ್ಕ ತೋರಿಸುತ್ತಾರಾ? ನೀವು ಒಲ್ಲೆ ಅಂದರೆ ಶಾಪದ ಮಾತಾಡದೆ ಬಿಡುತ್ತಾರಾ? ಮೊದಲನೆಯದಕ್ಕೆ ಅವರು ಆಗಲೇ ಉತ್ತರ ಕೊಟ್ಟುಬಿಟ್ಟಿದ್ದಾರೆ. ಹಾಗಾಗಿ ಈ ಕೂಟದಿಂದ ಸದ್ಯಕ್ಕೆ ದೂರ ಇರಿ. ಮಧ್ಯದ ದಾರಿಯೂ ಇದೆ, ರವಿವಾರ ನಿಮ್ಮ ಸಭೆ, ವಾರದಲ್ಲಿ ಒಂದಿನ ಬೇರೆ ಒಳ್ಳೆಯ ಕೂಟ. ಅದರ ತೊಂದರೆ ಏನೆಂದರೆ ಎರಡು ಕಡೆ ಎರಡು ಸಲಹೆ ಬರುತ್ತದೆ, ಮನಸ್ಸು ಇನ್ನಷ್ಟು ಎಳೆದಾಡುತ್ತದೆ. ನಿಮ್ಮ ಸಭೆಯ ಸ್ತ್ರೀಯರ ಕೂಟದಲ್ಲಿ ಬಾಯಿ ಬಿಗಿ ಇರುವ ಇಬ್ಬರನ್ನು ಆರಿಸಿಕೊಂಡು, ನನಗೆ ಪ್ರಾರ್ಥನೆ ಬರುತ್ತಿಲ್ಲ, ನನ್ನ ಸಲುವಾಗಿ ನೀವು ಮಾಡಿ ಅಂತ ಹೇಳುವುದು ಎಲ್ಲಕ್ಕಿಂತ ಒಳ್ಳೆಯದು. ಪಾರ್ಶ್ವವಾಯು ಬಡಿದವನನ್ನು ನಾಲ್ವರು ಹೊತ್ತು ಮಾಳಿಗೆ ಬಿಚ್ಚಿ ಇಳಿಸಿದಾಗ ಯೇಸು ನೋಡಿದ್ದು ಅವರ ನಂಬಿಕೆಯನ್ನು ಅಂತ ಮಾರ್ಕ ಬರೆಯುತ್ತಾನೆ.

21 ದಿನದ ಉಪವಾಸ ರಾತ್ರಿ ಪಾಳಿಯವರಿಗೆ ಅಲ್ಲ. ಮಾಡಲೇಬೇಕು ಅನ್ನಿಸಿದರೆ ರಕ್ತ ಪರೀಕ್ಷೆಯ ಫಲಿತಾಂಶ ಬರಲಿ, ಡಾಕ್ಟರನ್ನು ಕೇಳಿ, ಒಂದು ಹೊತ್ತಿನ ಊಟ ಬಿಡಿ. ಆ ದುಡ್ಡನ್ನು ಹಸಿದವರಿಗೆ ಕೊಡಿ. ಯೆಶಾಯ 58ನೇ ಅಧ್ಯಾಯ ಹೇಳುವ ಉಪವಾಸ ಆ ಥರದ್ದು.

ಇನ್ನು ಮಗಳು. ಕ್ಲಾಸಿಗೆ ಎಳೆದುಕೊಂಡು ಹೋಗಬೇಡಿ. ಸಭೆಯ ಮುಂದೆ ನಿಂತು ತನ್ನ ಬಾಯಿಂದ ಒಪ್ಪಿಕೊಳ್ಳುವ ಕಾರ್ಯ ಅದು, ಬಿಳಿ ಬಟ್ಟೆ ಹಾಕಿಸಿ ಫೋಟೋ ತೆಗೆಸಲು ಅಲ್ಲ. ಒಂದು ವರ್ಷ ತಡವಾದರೆ ನಷ್ಟವಿಲ್ಲ. ಯಾಕೆ ಬೇಡ ಅಂತ ಕೇಳಿ, ಕೇಳಿದ ಮೇಲೆ ಅವಳೇ ಮಾತು ಮುಗಿಸುವತನಕ ಸುಮ್ನೆ ಕೂತುಕೊಳ್ಳಿ. ಕ್ಲಾಸಿನಲ್ಲಿ ಯಾರಾದರೂ ಆಡಿಕೊಂಡಿರಬಹುದು, ಹತ್ತನೇ ತರಗತಿಯ ಟ್ಯೂಷನ್ ಅದೇ ಹೊತ್ತಿಗೆ ಇರಬಹುದು, ತಮ್ಮನ ದಮ್ಮಿನ ಬಗ್ಗೆ ಕೂಟದವರು ಆಡಿದ ಮಾತು ಅವಳ ಕಿವಿಗೂ ಬಿದ್ದಿರಬಹುದು. "ನೀನೂ ಪ್ರಾರ್ಥನೆಯೊಳಗ ನಿದ್ದಿ ಮಾಡ್ತಿಯಲ್ಲ" ಅಂದರೆ ಹೌದು ಅಂತ ಒಪ್ಪಿಕೊಳ್ಳಿ, ನನಗೂ ಈಗ ಕಷ್ಟ ಇದೆ, ಆದರೂ ಬಿಟ್ಟಿಲ್ಲ ಅಂತ ಹೇಳಿ. ನಿಮ್ಮ ಪಾಸ್ಟರಿಗೆ ಈಗಲೇ ಫೋನ್ ಮಾಡಿ ಮುಂದಿನ ವರ್ಷದ ಕ್ಲಾಸಿಗೆ ಹೆಸರು ತಗೊಳ್ಳುತ್ತಾರಾ ವಿಚಾರಿಸಿಡಿ. ಹೆಸರು ಕೊಡುವುದು ಬಿಡುವುದು ಅವಳಿಗೆ ಬಿಡಿ.